ಅನುಮಾನದ ಮೇಲಿಗೆ ಗುರುತು ಬೀಳುತ್ತಿಲ್ಲವೇ? ಪೋಸ್ಟ್‌ಫಿಕ್ಸ್ ನಿಯಮಗಳಲ್ಲಿ ದೋಷ ಹುಡುಕುವ ಬಗೆ

ದಾವಣಗೆರೆಯ ಎಪಿಎಂಸಿ ಹತ್ತಿರ ಮೆಕ್ಕೆಜೋಳದ ವ್ಯಾಪಾರ ಮಾಡುವ ಒಂದು ಆಫೀಸಿದೆ. ಅಲ್ಲಿನ ಮೇಲ್ ಸರ್ವರ್ ನೋಡಿಕೊಳ್ಳುವವನು ನಾನು. ಅದರಲ್ಲಿ ಮೇಲ್ ತೆಗೆದುಕೊಳ್ಳುವ, ಕಳಿಸುವ ಕೆಲಸ ಮಾಡುವ ಪ್ರೋಗ್ರಾಂ ಪೋಸ್ಟ್‌ಫಿಕ್ಸ್. ಒಂದು ದಿನ ಅಲ್ಲಿ ಲೆಕ್ಕ ಬರೆಯುವ ಅಕ್ಕನಿಗೆ ಸಾಹುಕಾರರ ಹೆಸರಿನಲ್ಲೇ ಮೇಲ್ ಬಂತು. ಪಾರ್ಟಿಯವರ ಬ್ಯಾಂಕ್ ಖಾತೆ ಬದಲಾಗಿದೆ, ಇವತ್ತಿನ ಪೇಮೆಂಟ್ ಹೊಸ ಖಾತೆಗೆ ಹಾಕಿ ಅಂತ ಅದರಲ್ಲಿತ್ತು. ಅಕ್ಕ ಹಾಕುವ ಮೊದಲು ಸಾಹುಕಾರರಿಗೆ ಫೋನ್ ಮಾಡಿ ಕೇಳಿದರು. ಅದರಿಂದ ದುಡ್ಡು ಉಳಿಯಿತು. ಅವತ್ತು ಸಂಜೆಯೇ ಕೂತು, ಅನುಮಾನದ ಮೇಲಿಗೆ ಗುರುತು ಹಾಕುವ ನಿಯಮ ಬರೆದೆ. ಬರೆಯಲು ಅರ್ಧ ಗಂಟೆ ಸಾಕಾಯಿತು. ಗುರುತು ಸರಿಯಾದ ಮೇಲಿಗೆ ಮಾತ್ರ ಬೀಳುವ ಹಾಗೆ ಮಾಡಲು ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಗುರುತು ಅಂದರೆ ಮೇಲಿನ ತಲೆಭಾಗಕ್ಕೆ ಒಂದು ಹೆಚ್ಚಿನ ಹೆಡರ್ ಸಾಲು ಸೇರಿಸುವುದು. ಪೋಸ್ಟ್‌ಫಿಕ್ಸ್‌ನಲ್ಲಿ ಇದಕ್ಕೆ ಪ್ರಿಪೆಂಡ್ ಅನ್ನುವ ಕ್ರಿಯೆ ಇದೆ. ಮೇಲನ್ನು ತಿರಸ್ಕರಿಸುವ ರಿಜೆಕ್ಟ್ ಇದೆ, ಸದ್ದಿಲ್ಲದೆ ಬಿಸಾಡುವ ಡಿಸ್ಕಾರ್ಡ್ ಕೂಡ ಇದೆ. ನಾನು ಗುರುತನ್ನೇ ಆರಿಸಿಕೊಂಡೆ. ಹರಿಹರದ್ದೋ ರಾಣೆಬೆನ್ನೂರಿನದ್ದೋ ಸಣ್ಣ ಪಾರ್ಟಿ ಸರಿಯಾಗಿ ಸೆಟ್ ಆಗದ ಸರ್ವರ್‌ನಿಂದ ಆರ್ಡರ್ ಕಳಿಸಿರುತ್ತದೆ. ಅದು ಕಾಣೆಯಾದರೆ ಆಮೇಲೆ ಯಾರಿಗೂ ಸಿಗುವುದಿಲ್ಲ. ತಪ್ಪಾಗಿ ಗುರುತು ಬಿದ್ದ ಮೇಲನ್ನು ಮನುಷ್ಯರು ಓದಿ ಸರಿ ಮಾಡಿಕೊಳ್ಳಬಹುದು.

ಕಮಾಂಡು, ಫೈಲುಗಳ ಹೆಸರನ್ನು ಓದುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಮೆಷಿನ್ನಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಬೇಕು. ಸೆಟ್ಟಿಂಗ್ ಹೆಸರುಗಳಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಬರುತ್ತದೆ.

ಕೈ ಹಾಕುವ ಮೊದಲು

ಪೋಸ್ಟ್‌ಫಿಕ್ಸ್ ಸೆಟ್ಟಿಂಗ್ ಫೈಲುಗಳಾದ ಮೇನ್ ಡಾಟ್ ಸಿಎಫ್, ಮಾಸ್ಟರ್ ಡಾಟ್ ಸಿಎಫ್ ಮತ್ತು ನಿಯಮದ ಫೈಲುಗಳ ಪ್ರತಿಯನ್ನು ದಿನಾಂಕ ಹಾಕಿ ಬೇರೆ ಕಡೆ ಇಡಿ. ಮೇನ್ ಡಾಟ್ ಸಿಎಫ್‌ನಲ್ಲಿ ಸಾಫ್ಟ್ ಬೌನ್ಸ್ ಅನ್ನುವುದಕ್ಕೆ ಯೆಸ್ ಕೊಡಿ. ಹೀಗೆ ಮಾಡಿದರೆ ನಿಮ್ಮ ತಪ್ಪಿನಿಂದ ತಿರಸ್ಕಾರವಾಗುವ ಮೇಲಿಗೆ 5ರಿಂದ ಶುರುವಾಗುವ ಕಾಯಂ ಉತ್ತರದ ಬದಲು 4ರಿಂದ ಶುರುವಾಗುವ 'ಆಮೇಲೆ ಬನ್ನಿ' ಉತ್ತರ ಹೋಗುತ್ತದೆ. ಕಳಿಸಿದ ಸರ್ವರ್ ಮತ್ತೆ ಪ್ರಯತ್ನಿಸುತ್ತದೆ. ಕೆಲಸ ಮುಗಿದ ಮೇಲೆ ಇದನ್ನು ಮರೆಯದೆ ತೆಗೆಯಿರಿ.

ದೀಪಾವಳಿ ಆಸುಪಾಸು, ಮೆಕ್ಕೆಜೋಳ ಮಾರುಕಟ್ಟೆಗೆ ಬರುವ ಸೀಸನ್ನಿನಲ್ಲಿ ಇಂಥ ಪ್ರಯೋಗ ಬೇಡ. ನಾನು ಶನಿವಾರ ಸಂಜೆ, ಅಂಗಡಿ ಮುಚ್ಚಿದ ಮೇಲೆ ಮಾಡುತ್ತೇನೆ.

ಲಕ್ಷಣ: ಗುರುತು ಬೀಳುತ್ತಲೇ ಇಲ್ಲ

ಮೊದಲ ಪ್ರಶ್ನೆ: ಗುರುತು ಬಿದ್ದಿಲ್ಲವೋ, ಬಿದ್ದದ್ದು ಕಾಣುತ್ತಿಲ್ಲವೋ? ನಾವು ಸೇರಿಸುವ ಹೆಡರ್ ಸಾಲು ಫೋನಿನ ಮೇಲ್ ಆ್ಯಪಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಥಂಡರ್‌ಬರ್ಡ್‌ನಲ್ಲಿ ಮೇಲ್ ತೆರೆದು ಕಂಟ್ರೋಲ್ ಮತ್ತು ಯು ಒತ್ತಿ. ಮೇಲಿನ ಪೂರ್ತಿ ಮೂಲ ಕಾಣುತ್ತದೆ. ಅಲ್ಲಿ ನಿಮ್ಮ ಸಾಲು ಇದ್ದರೆ ಸರ್ವರ್ ತನ್ನ ಕೆಲಸ ಮಾಡಿದೆ. ಫೋಲ್ಡರಿನ ಬಗ್ಗೆ ಇರುವ ಭಾಗಕ್ಕೆ ಹೋಗಿ.

ಸಾಲು ಇಲ್ಲ ಅಂದರೆ, ಟೆಸ್ಟ್ ಮೇಲ್ ಎಲ್ಲಿಂದ ಕಳಿಸಿದಿರಿ ಅಂತ ನೆನಪಿಸಿಕೊಳ್ಳಿ. ಸರ್ವರ್ ಮೇಲೆಯೇ ಕೂತು ಮೇಲ್ ಕಮಾಂಡ್ ಕೊಟ್ಟರೆ ಅದು ಎಸ್‌ಎಂಟಿಪಿ (ಸರ್ವರ್‌ಗಳು ಮೇಲ್ ಕೊಟ್ಟು ತೆಗೆದುಕೊಳ್ಳುವ ವಿಧಾನ) ಬಾಗಿಲಿಂದ ಬರುವುದಿಲ್ಲ. ಪಿಕಪ್ ಅನ್ನುವ ಒಳದಾರಿಯಲ್ಲಿ ಬರುತ್ತದೆ. ಕಳಿಸಿದವರ ವಿಳಾಸ, ಐಪಿ ನೋಡುವ ಆಕ್ಸೆಸ್ ನಿಯಮಗಳು ಇರುವುದು ಎಸ್‌ಎಂಟಿಪಿ ಬಾಗಿಲಲ್ಲಿ. ಆಫೀಸಿನ ಕಂಪ್ಯೂಟರಿನಿಂದ ಕಳಿಸಿದರೂ ಅಷ್ಟೆ. ಆಫೀಸಿನ ನೆಟ್‌ವರ್ಕನ್ನು ಪರ್ಮಿಟ್ ಮೈನೆಟ್‌ವರ್ಕ್ಸ್ ಸಾಲು ಮೊದಲೇ ಒಳಗೆ ಬಿಟ್ಟಿರುತ್ತದೆ. ನಾನು ಮೊದಲ ನಾಲ್ಕು ದಿನ ಹೀಗೇ ಟೆಸ್ಟ್ ಮಾಡಿ, ನಿಯಮವೇ ಕೆಟ್ಟಿದೆ ಅಂದುಕೊಂಡಿದ್ದೆ. ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ, ಬೇರೆ ಕಂಪನಿಯ ಮೇಲ್ ಖಾತೆಯಿಂದ ಕಳಿಸಿ ನೋಡಿ. ಆ ಖಾತೆಯ ವಿಳಾಸವನ್ನು ಟೆಸ್ಟ್ ಮುಗಿಯುವ ತನಕ ನಿಯಮದ ಫೈಲಿಗೆ ಸೇರಿಸಿ.

ಮುಂದಿನದು ಪೋಸ್ಟ್‌ಮ್ಯಾಪ್. ನಿಯಮದ ಫೈಲಿಗೆ ಪೋಸ್ಟ್‌ಫಿಕ್ಸ್‌ನಲ್ಲಿ ಟೇಬಲ್ ಅನ್ನುತ್ತಾರೆ. ಹ್ಯಾಶ್ ಬಗೆಯ ಟೇಬಲ್ ಆದರೆ ನೀವು ತಿದ್ದುವುದು ಬರೀ ಅಕ್ಷರದ ಫೈಲು. ಪೋಸ್ಟ್‌ಫಿಕ್ಸ್ ಓದುವುದು ಅದರಿಂದ ತಯಾರಾದ ಡಾಟ್ ಡಿಬಿ ಫೈಲು. ತಿದ್ದಿದಾಗೆಲ್ಲ ಪೋಸ್ಟ್‌ಮ್ಯಾಪ್ ಓಡಿಸಬೇಕು. ಮರೆತಿದ್ದರೆ ಲಾಗಿನಲ್ಲಿ 'ಡೇಟಾಬೇಸ್ ಮೂಲ ಫೈಲಿಗಿಂತ ಹಳೆಯದು' ಅನ್ನುವ ಅರ್ಥದ ಎಚ್ಚರಿಕೆ ಸಿಗುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಲಾಗ್ ಸಾಮಾನ್ಯವಾಗಿ ಮೇಲ್ ಡಾಟ್ ಲಾಗ್ ಅನ್ನುವ ಫೈಲಿನಲ್ಲಿರುತ್ತದೆ, ರೆಡ್‌ಹ್ಯಾಟ್ ಬಗೆಯವುಗಳಲ್ಲಿ ಮೇಲ್‌ಲಾಗ್ ಅಂತ. ಅಕ್ಷರಗಳ ಮಾದರಿ ಬರೆದು ಹೋಲಿಸುವ ರೆಜೆಕ್ಸ್ ಮತ್ತು ಪಿಸಿಆರ್‌ಇ ಟೇಬಲ್‌ಗಳಿಗೆ ಪೋಸ್ಟ್‌ಮ್ಯಾಪ್ ಬೇಡ. ಅವಕ್ಕೆ ಪೋಸ್ಟ್‌ಫಿಕ್ಸ್ ರೀಲೋಡ್ ಕೊಡಬೇಕು, ಇಲ್ಲದಿದ್ದರೆ ಆಗಲೇ ಓಡುತ್ತಿರುವ ಪ್ರೊಸೆಸ್‌ಗಳು ಹಳೆಯ ನಿಯಮವನ್ನೇ ಇಟ್ಟುಕೊಂಡಿರುತ್ತವೆ. ನಿಮ್ಮ ಮೆಷಿನ್ನಿನಲ್ಲಿ ಯಾವ ಬಗೆಯ ಟೇಬಲ್ ನಡೆಯುತ್ತದೆ ಅನ್ನುವುದನ್ನು ಪೋಸ್ಟ್‌ಕಾನ್ಫ್ ಕಮಾಂಡಿಗೆ ಎಂ ಆಯ್ಕೆ ಕೊಟ್ಟು ನೋಡಬಹುದು. ಡೆಬಿಯನ್‌ನಲ್ಲಿ ಪಿಸಿಆರ್‌ಇ ಬೇಕಾದರೆ ಅದರದೇ ಪ್ಯಾಕೇಜ್ ಹಾಕಿಕೊಳ್ಳಬೇಕು.

ಟೇಬಲನ್ನೇ ನೇರವಾಗಿ ಕೇಳುವುದಕ್ಕೂ ಪೋಸ್ಟ್‌ಮ್ಯಾಪ್ ಬರುತ್ತದೆ. ಕ್ಯೂ ಆಯ್ಕೆಯ ಜೊತೆ ಒಂದು ವಿಳಾಸ ಕೊಡಿ. ನಿಯಮ ಸಿಕ್ಕರೆ ಅದರ ಕ್ರಿಯೆ ತೋರಿಸುತ್ತದೆ, ಸಿಗದಿದ್ದರೆ ಏನೂ ಬರುವುದಿಲ್ಲ. ಇಲ್ಲಿ ಒಂದು ವಿಷಯ ಗಮನದಲ್ಲಿರಲಿ. ಪೋಸ್ಟ್‌ಫಿಕ್ಸ್ ತಾನೇ ಹುಡುಕುವಾಗ ಮೊದಲು ಪೂರ್ತಿ ವಿಳಾಸ, ಆಮೇಲೆ ಡೊಮೇನ್, ಅದರ ಮೇಲಿನ ಡೊಮೇನ್ ಹೀಗೆ ಒಂದೊಂದಾಗಿ ನೋಡುತ್ತದೆ. ಹ್ಯಾಶ್ ಟೇಬಲಿನಲ್ಲಿ ಪೋಸ್ಟ್‌ಮ್ಯಾಪ್ ನೀವು ಕೊಟ್ಟದ್ದನ್ನು ಮಾತ್ರ ನೋಡುತ್ತದೆ. ಪೂರ್ತಿ ವಿಳಾಸಕ್ಕೆ ಉತ್ತರ ಬರಲಿಲ್ಲ ಅಂತ ನಿಯಮ ಇಲ್ಲ ಅಂದುಕೊಳ್ಳಬೇಡಿ. ಬರೀ ಡೊಮೇನ್ ಕೊಟ್ಟು ಇನ್ನೊಮ್ಮೆ ಕೇಳಿ.

ಟೇಬಲ್ ಉತ್ತರ ಕೊಡುತ್ತಿದೆ, ಆದರೂ ಗುರುತಿಲ್ಲ. ಹಾಗಿದ್ದರೆ ನಿಯಮವನ್ನು ಯಾರೂ ಕರೆಯುತ್ತಿಲ್ಲ, ಅಥವಾ ಪ್ರಿಪೆಂಡ್ ಸಾಲೇ ತಪ್ಪಾಗಿದೆ. ಪ್ರಿಪೆಂಡ್ ಆದ ಮೇಲೆ ಹೆಸರು, ಕೋಲನ್, ಬೆಲೆ ಈ ರೂಪ ಇರಲೇಬೇಕು. ನನ್ನದು 'ಎಕ್ಸ್-ಅನುಮಾನ: ಹೌದು' ಅಂತ, ಇಂಗ್ಲಿಷ್ ಅಕ್ಷರಗಳಲ್ಲಿ. ಕೋಲನ್ ಬಿಟ್ಟರೆ ಲಾಗಿನಲ್ಲಿ ಎಚ್ಚರಿಕೆ ಬಂದು ಮೇಲ್ ಗುರುತಿಲ್ಲದೆ ದಾಟಿ ಹೋಗುತ್ತದೆ. ಹೆಡರ್ ಸಾಲಿನಲ್ಲಿ ಕನ್ನಡ ಅಕ್ಷರ ನೇರವಾಗಿ ಹಾಕಬೇಡಿ.

ನಿಯಮ ಕರೆಯುವ ಸಾಲು ನಿಜವಾಗಿ ಜಾರಿಯಲ್ಲಿದೆಯೇ ಅಂತ ತಿಳಿಯಲು ಪೋಸ್ಟ್‌ಕಾನ್ಫ್ ಎನ್ ಆಯ್ಕೆಯ ಔಟ್‌ಪುಟ್ ಓದಿ. ಫೈಲಿನಲ್ಲಿ ನೀವು ಬರೆದದ್ದಲ್ಲ, ಪೋಸ್ಟ್‌ಫಿಕ್ಸ್ ಅರ್ಥ ಮಾಡಿಕೊಂಡದ್ದು ಅಲ್ಲಿ ಕಾಣುತ್ತದೆ. ಒಂದೇ ಸೆಟ್ಟಿಂಗನ್ನು ಎರಡು ಕಡೆ ಬರೆದಿದ್ದರೆ ಕೊನೆಯದು ನಿಲ್ಲುತ್ತದೆ. ಸಾಲಿನ ಆರಂಭದಲ್ಲಿ ಖಾಲಿ ಜಾಗ ಬಿದ್ದಿದ್ದರೆ ಅದು ಹಿಂದಿನ ಸಾಲಿನ ಮುಂದುವರಿಕೆ ಆಗಿಬಿಡುತ್ತದೆ. ಇಲ್ಲೂ ಎಲ್ಲ ಸರಿಯಿದ್ದರೆ ಮಾಸ್ಟರ್ ಡಾಟ್ ಸಿಎಫ್ ತೆರೆಯಿರಿ. ಅಲ್ಲಿ ಒಂದೊಂದು ಸರ್ವಿಸ್ ಕೆಳಗೆ ಓ ಆಯ್ಕೆಯಿಂದ ಕೊಟ್ಟ ಸೆಟ್ಟಿಂಗ್, ಮೇನ್ ಡಾಟ್ ಸಿಎಫ್‌ನದ್ದನ್ನು ಪಕ್ಕಕ್ಕೆ ಸರಿಸುತ್ತದೆ.

ಲಕ್ಷಣ: ಕೆಲವಕ್ಕೆ ಬೀಳುತ್ತದೆ, ಬೀಳಲೇಬೇಕಾದ್ದಕ್ಕೆ ಬೀಳುವುದಿಲ್ಲ

ನಮ್ಮನ್ನು ಜಾಸ್ತಿ ಕಾಡಿದ್ದು ಇದೇ. ಸಾಹುಕಾರರ ಹೆಸರಿನ ಮೇಲ್ ಎರಡನೇ ಸಲ ಬಂದಾಗಲೂ ಗುರುತಿಲ್ಲದೆ ಬಂತು. ನಮ್ಮ ಡೊಮೇನಿನ ಹೆಸರಿನಲ್ಲಿ ಹೊರಗಿಂದ ಬಂದ ಮೇಲಿಗೆ ಗುರುತು ಹಾಕು ಅಂತ ಚೆಕ್ ಸೆಂಡರ್ ಆಕ್ಸೆಸ್‌ನಲ್ಲಿ ಬರೆದಿದ್ದೆನಲ್ಲ, ಅದು ಯಾಕೆ ಹಿಡಿಯಲಿಲ್ಲ?

ಎಪಿಎಂಸಿ ಗೇಟಿನಲ್ಲಿ ಲಾರಿ ನಿಂತದ್ದನ್ನು ನೆನೆಸಿಕೊಳ್ಳಿ. ಗೇಟಿನವರು ನೋಡುವುದು ಡ್ರೈವರ್ ಕೈಯಲ್ಲಿರುವ ಚೀಟಿ. ಒಳಗಿನ ಚೀಲದ ಮೇಲೆ ಯಾರ ಹೆಸರು ಬರೆದಿದೆ ಅಂತ ಅವರು ಬಿಚ್ಚಿ ನೋಡುವುದಿಲ್ಲ. ಮೇಲಿನಲ್ಲೂ ಹೀಗೇ ಎರಡು 'ಕಳಿಸಿದವರು' ಇರುತ್ತಾರೆ. ಎಸ್‌ಎಂಟಿಪಿ ಮಾತುಕತೆಯಲ್ಲಿ ಮೇಲ್ ಫ್ರಮ್ ಅಂತ ಹೇಳುವ ಎನ್ವಲಪ್ ವಿಳಾಸ ಒಂದು. ಓದುವವರ ಕಣ್ಣಿಗೆ ಕಾಣುವ ಫ್ರಮ್ ಹೆಡರ್ ಇನ್ನೊಂದು. ಚೆಕ್ ಸೆಂಡರ್ ಆಕ್ಸೆಸ್ ನೋಡುವುದು ಮೊದಲನೆಯದನ್ನು ಮಾತ್ರ. ಮೋಸಗಾರ ಅಲ್ಲಿ ತನ್ನದೇ ವಿಳಾಸ ಕೊಟ್ಟು, ಫ್ರಮ್ ಹೆಡರಿನಲ್ಲಿ ಸಾಹುಕಾರರ ಹೆಸರು ಬರೆದಿದ್ದ.

ಇದನ್ನು ಖಚಿತ ಮಾಡಿಕೊಳ್ಳಲು ಮೇಲಿನ ಮೂಲದಲ್ಲಿ ರಿಟರ್ನ್-ಪಾತ್ ಸಾಲನ್ನೂ ಫ್ರಮ್ ಸಾಲನ್ನೂ ಹೋಲಿಸಿ. ಎರಡೂ ಬೇರೆ ಇದ್ದರೆ ಕಾರಣ ಸಿಕ್ಕಿತು. ಆದರೆ ಬರೀ ಬೇರೆ ಇರುವುದೇ ಮೋಸದ ಸಾಕ್ಷಿಯಲ್ಲ. ಮೇಲಿಂಗ್ ಲಿಸ್ಟ್, ಬ್ಯಾಂಕಿನ ಪ್ರಕಟಣೆ ಇವುಗಳಲ್ಲೂ ಎರಡು ಬೇರೆ ಇರುವುದು ಮಾಮೂಲು.

ಪರಿಹಾರ, ಹೆಡರ್ ಸಾಲುಗಳನ್ನೇ ಓದಿ ನೋಡುವ ಹೆಡರ್ ಚೆಕ್ಸ್‌ನಲ್ಲಿದೆ. ರೆಜೆಕ್ಸ್ ಟೇಬಲಿನಲ್ಲಿ ಇಫ್ ಮತ್ತು ಎಂಡಿಫ್ ನಡುವೆ ಎರಡನೇ ಷರತ್ತು ಹಾಕಬಹುದು. ಫ್ರಮ್ ಸಾಲಿನಲ್ಲಿ ಸಾಹುಕಾರರ ಹೆಸರಿದ್ದು, ಅದೇ ಸಾಲಿನಲ್ಲಿ ನಮ್ಮ ಡೊಮೇನ್ ಇಲ್ಲದಿದ್ದರೆ ಪ್ರಿಪೆಂಡ್. 'ಇಲ್ಲದಿದ್ದರೆ' ಅನ್ನುವುದಕ್ಕೆ ಮಾದರಿಯ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಬರುತ್ತದೆ. ಅವತ್ತಿನಿಂದ ಆ ಬಗೆಯ ಮೇಲ್ ಗುರುತಿಲ್ಲದೆ ಒಳಗೆ ಬಂದಿಲ್ಲ. ಹೆಡರ್ ಚೆಕ್ಸ್‌ಗೂ ಮಿತಿ ಇದೆ. ಅದು ಒಂದು ಸಲಕ್ಕೆ ಒಂದೇ ಹೆಡರ್ ನೋಡುತ್ತದೆ. ಫ್ರಮ್ ಹೀಗಿದ್ದು ಸಬ್ಜೆಕ್ಟ್ ಹಾಗಿದ್ದರೆ ಅನ್ನುವ ಷರತ್ತು ಅದರಿಂದ ಆಗುವುದಿಲ್ಲ. ಹೊರಗೆ ಹೋಗುವ ಮೇಲಿಗೂ ಅದು ತಾಗುತ್ತದೆ ಅನ್ನುವುದು ನೆನಪಿರಲಿ.

ಇನ್ನೊಂದು ಕಾರಣ ಕನ್ನಡ. ಸಬ್ಜೆಕ್ಟಿನಲ್ಲಿ 'ಹಣ' ಅಂತ ಇದ್ದರೆ ಗುರುತು ಹಾಕು ಅಂತ ಬರೆದೆ. ಒಂದಕ್ಕೂ ಬೀಳಲಿಲ್ಲ. ಮೂಲ ತೆರೆದು ನೋಡಿದರೆ ಸಬ್ಜೆಕ್ಟಿನಲ್ಲಿ ಒಂದು ಅಕ್ಷರ ಕನ್ನಡವಿಲ್ಲ. ಈಕ್ವಲ್ ಚಿಹ್ನೆ, ಪ್ರಶ್ನೆ ಚಿಹ್ನೆ, ಯುಟಿಎಫ್-8, ಆಮೇಲೆ ಬಿ ಅಕ್ಷರ, ಅದರ ಮುಂದೆ ಅರ್ಥವಿಲ್ಲದ ಹಾಗೆ ಕಾಣುವ ಇಂಗ್ಲಿಷ್ ಅಕ್ಷರಗಳ ಸರ. ಕನ್ನಡ ಸಬ್ಜೆಕ್ಟ್ ಸಾಮಾನ್ಯವಾಗಿ ಹೀಗೆ ಬೇಸ್64 ರೂಪದಲ್ಲೇ ಬರುತ್ತದೆ. ಹೆಡರ್ ಚೆಕ್ಸ್ ಅದನ್ನು ಬಿಚ್ಚಿ ಓದುವುದಿಲ್ಲ, ಇದ್ದ ಹಾಗೇ ಹೋಲಿಸುತ್ತದೆ.

ಹಾಗಾದರೆ 'ಹಣ' ಪದದ ಬೇಸ್64 ರೂಪವನ್ನೇ ನಿಯಮದಲ್ಲಿ ಹಾಕಿದರಾಯಿತಲ್ವಾ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಲೆಕ್ಕ ಹಾಕಿ ನೋಡಿದೆ. ಹ ಮತ್ತು ಣ ಯುಟಿಎಫ್-8ರಲ್ಲಿ ತಲಾ 3 ಬೈಟ್, ಒಟ್ಟು 6. ಬೇಸ್64 ಮೂರು ಮೂರು ಬೈಟ್ ತೆಗೆದುಕೊಂಡು ನಾಲ್ಕು ನಾಲ್ಕು ಅಕ್ಷರ ಮಾಡುತ್ತದೆ. ಪದ ಸಾಲಿನ ಮೊದಲಲ್ಲಿದ್ದರೆ ಸರಿಯಾಗಿ 8 ಅಕ್ಷರ. ಆದರೆ ಅದರ ಹಿಂದೆ ಇನ್ನೊಂದು ಪದ ಮತ್ತು ಒಂದು ಖಾಲಿ ಜಾಗ ಬಂತು ಅಂದರೆ, ಖಾಲಿ ಜಾಗ 1 ಬೈಟ್ ಆದ್ದರಿಂದ ಇಡೀ ಜೋಡಣೆ ಒಂದು ಬೈಟ್ ಸರಿಯುತ್ತದೆ. ಅದೇ 'ಹಣ' ಬೇರೆಯೇ ಅಕ್ಷರಗಳಾಗಿ ಕಾಣುತ್ತದೆ. ಒಂದು ಪದಕ್ಕೆ ಮೂರು ಮುಖ. ಹತ್ತು ಪದಕ್ಕೆ ಮೂವತ್ತು ನಿಯಮ ಬರೆದು ನಿಭಾಯಿಸುವುದು ನನ್ನ ಪ್ರಕಾರ ಬೇಡದ ಕೆಲಸ. ಕನ್ನಡ ಪದ ನೋಡಿ ಗುರುತು ಹಾಕಬೇಕಾದರೆ ಸ್ಪ್ಯಾಮ್ ಸೋಸುವ ಸ್ಪ್ಯಾಮ್‌ಅಸ್ಸಾಸಿನ್ ಅಥವಾ ಆರ್‌ಸ್ಪಾಮ್‌ಡಿ ಹಾಕಿಕೊಳ್ಳಿ. ಅವು ಸಬ್ಜೆಕ್ಟನ್ನು ಬಿಚ್ಚಿ ಓದುತ್ತವೆ. ಫ್ರಮ್ ಸಾಲಿನಲ್ಲಿ ಹೆಸರು ಕನ್ನಡದಲ್ಲಿದ್ದರೂ ಇದೇ ತೊಂದರೆ. ಆದ್ದರಿಂದ ಮೇಲೆ ಹೇಳಿದ ನಿಯಮ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರಿಗೆ ಮಾತ್ರ ಸಾಕು.

ಐಪಿ ನೋಡಿ ಹಾಕುವ ನಿಯಮ ಕೆಲಸ ಮಾಡದಿದ್ದರೆ, ಹ್ಯಾಶ್ ಟೇಬಲಿನಲ್ಲಿ 203.0.113.0/24 ಅಂತ ಬರೆದಿದ್ದೀರಾ ನೋಡಿ. ಹ್ಯಾಶ್‌ಗೆ ಓರೆಗೆರೆಯ ಲೆಕ್ಕ ಗೊತ್ತಿಲ್ಲ. ಅಲ್ಲಿ 203.0.113 ಅಂತ ಮೂರು ಭಾಗ ಬರೆದರೆ ಸಾಕು. /24 ರೂಪವೇ ಬೇಕಾದರೆ ಸಿಐಡಿಆರ್ ಟೇಬಲ್ ಬಳಸಿ. ಡೊಮೇನಿನ ಮುಂದೆ ಚುಕ್ಕಿ ಇಟ್ಟು ಬರೆದ ನಿಯಮ ಕೂಡ ಹಾಗೇ. ಪೋಸ್ಟ್‌ಫಿಕ್ಸ್‌ನ ಮೂಲ ಸೆಟ್ಟಿಂಗಿನಲ್ಲಿ ಆಕ್ಸೆಸ್ ಟೇಬಲ್‌ಗಳಿಗೆ ಚುಕ್ಕಿ ಇಲ್ಲದ ಹೆಸರೇ ಉಪಡೊಮೇನುಗಳಿಗೂ ಅನ್ವಯಿಸುತ್ತದೆ. ಚುಕ್ಕಿ ಇಟ್ಟದ್ದು ಹಿಡಿಯುವುದಿಲ್ಲ.

ಲಕ್ಷಣ: ಎಲ್ಲ ಮೇಲಿಗೂ ಗುರುತು ಬೀಳುತ್ತಿದೆ

ಒಂದು ಸೋಮವಾರ ಬೆಳಿಗ್ಗೆ ಅಕ್ಕನ ಫೋನ್: 'ಇವತ್ತು ಬಂದ ಮೇಲಿಗೆಲ್ಲ ಗುರ್ತು ಬಿದ್ದೈತಲ್ರೀ. ಯಾವ್ದು ನಂಬ್ಲಿ ನಾನು?' ಈ ದೋಷವನ್ನು ನಾನು ಗುರುತು ಬೀಳದ ದೋಷಕ್ಕಿಂತ ದೊಡ್ಡದು ಅಂತ ಎಣಿಸುತ್ತೇನೆ. ಎರಡು ದಿನ ಎಲ್ಲದಕ್ಕೂ ಗುರುತು ಕಂಡರೆ ಮೂರನೇ ದಿನ ಯಾರೂ ಗುರುತನ್ನು ನೋಡುವುದಿಲ್ಲ. ಕಾರಣ ಸಿಗುವ ತನಕ ಆ ನಿಯಮವನ್ನು ಕೂಡಲೇ ನಿಲ್ಲಿಸಿ. ಪ್ರಿಪೆಂಡ್ ಜಾಗದಲ್ಲಿ ವಾರ್ನ್ ಹಾಕಿದರೆ ಮೇಲ್ ಮುಟ್ಟದೆ ಲಾಗಿನಲ್ಲಿ ಮಾತ್ರ ಬರೆಯುತ್ತದೆ. ಹೊಸ ನಿಯಮವನ್ನು ಮೊದಲ ಒಂದು ವಾರ ವಾರ್ನ್‌ನಲ್ಲೇ ಓಡಿಸುವುದು ಈಗ ನನ್ನ ಪದ್ಧತಿ.

ಆಫೀಸಿನವರೇ ಕಳಿಸುವ ಮೇಲಿಗೆ ಗುರುತು ಬಿದ್ದರೆ ಸಾಲುಗಳ ಕ್ರಮ ತಪ್ಪಿದೆ. ಎಸ್‌ಎಂಟಿಪಿಡಿ ರೆಸಿಪಿಯೆಂಟ್ ರೆಸ್ಟ್ರಿಕ್ಷನ್ಸ್‌ನಲ್ಲಿ ಮೊದಲು ಪರ್ಮಿಟ್ ಮೈನೆಟ್‌ವರ್ಕ್ಸ್, ಆಮೇಲೆ ಪರ್ಮಿಟ್ ಸಾಸ್ಲ್ ಅಥೆಂಟಿಕೇಟೆಡ್ (ಪಾಸ್‌ವರ್ಡ್ ಕೊಟ್ಟು ಬಂದವರನ್ನು ಬಿಡುವುದು), ಆಮೇಲೆ ರಿಜೆಕ್ಟ್ ಅನ್‌ಆಥ್ ಡೆಸ್ಟಿನೇಷನ್ (ನಮ್ಮದಲ್ಲದ ವಿಳಾಸಕ್ಕೆ ಹೊರಟದ್ದನ್ನು ತಡೆಯುವುದು), ಅದಾದ ಮೇಲೆ ನಮ್ಮ ಚೆಕ್ ಸಾಲು. ಮೇಲಿನಿಂದ ಕೆಳಗೆ ಓದುತ್ತಾ, ಬಿಡು ಅಥವಾ ಬೇಡ ಅನ್ನುವ ಮೊದಲ ಉತ್ತರಕ್ಕೆ ಪೋಸ್ಟ್‌ಫಿಕ್ಸ್ ನಿಲ್ಲುತ್ತದೆ.

ಹೊರಗಿನದ್ದೆಲ್ಲಕ್ಕೂ ಬಿದ್ದರೆ ಲಾಗಿನಲ್ಲಿ ಕ್ಲೈಂಟ್ ಐಪಿ ನೋಡಿ. ಎಲ್ಲ ಮೇಲೂ ಒಂದೇ ಐಪಿಯಿಂದ ಬರುತ್ತಿದೆಯೇ? ಹಾಗಿದ್ದರೆ ನಿಮ್ಮ ಮುಂದೆ ಇನ್ನೊಂದು ಫಿಲ್ಟರ್ ಗೇಟ್‌ವೇ ಇದೆ. ನಿಮ್ಮ ಸರ್ವರಿಗೆ ಕಾಣುವುದು ಆ ಗೇಟ್‌ವೇ ಮಾತ್ರ, ಅಸಲು ಕಳಿಸಿದವರಲ್ಲ. ಚೆಕ್ ಕ್ಲೈಂಟ್ ಆಕ್ಸೆಸ್ ಅಲ್ಲಿ ಉಪಯೋಗಕ್ಕೆ ಬಾರದು. ಐಪಿ ನಿಯಮವನ್ನು ಗೇಟ್‌ವೇಯಲ್ಲೇ ಹಾಕಬೇಕು.

ನಮ್ಮ ಸೋಮವಾರದ ಕಾರಣ ಇವೆರಡೂ ಅಲ್ಲ. ರೆಜೆಕ್ಸ್‌ನಲ್ಲಿ ಎರಡು ಪದಗಳ ನಡುವೆ 'ಅಥವಾ' ಗೆರೆ ಹಾಕಿ, ಕೊನೆಯಲ್ಲೂ ಒಂದು ಗೆರೆ ಉಳಿಸಿಬಿಟ್ಟಿದ್ದೆ. ಅದರಾಚೆ ಏನೂ ಇಲ್ಲ ಅಂದರೆ ಖಾಲಿ ಮಾದರಿ, ಖಾಲಿ ಮಾದರಿಗೆ ಎಲ್ಲವೂ ಹೊಂದುತ್ತದೆ.

ಒಬ್ಬ ನಂಬಿಕಸ್ಥ ಪಾರ್ಟಿಗೆ ಮಾತ್ರ ತಪ್ಪಾಗಿ ಬೀಳುತ್ತಿದ್ದರೆ ಅವರ ಪೂರ್ತಿ ವಿಳಾಸವನ್ನು ಅದೇ ಟೇಬಲಿನಲ್ಲಿ ಡನ್ನೋ ಅಂತ ಬರೆಯಿರಿ. ಪೂರ್ತಿ ವಿಳಾಸವನ್ನು ಡೊಮೇನಿಗಿಂತ ಮೊದಲು ನೋಡುವುದರಿಂದ ಅವರು ಗುರುತಿಲ್ಲದೆ ದಾಟುತ್ತಾರೆ. ಓಕೆ ಅಂತ ಬರೆಯಬೇಡಿ. ಓಕೆ ಅಂದರೆ ಆ ಪಟ್ಟಿಯ ಉಳಿದ ತಪಾಸಣೆಯೆಲ್ಲ ರದ್ದು. ಆ ಸಾಲು ರಿಜೆಕ್ಟ್ ಅನ್‌ಆಥ್ ಡೆಸ್ಟಿನೇಷನ್‌ಗಿಂತ ಮೇಲಿದ್ದರೆ, ಆ ವಿಳಾಸದ ಹೆಸರು ಹೇಳಿಕೊಂಡು ಯಾರು ಬೇಕಾದರೂ ನಿಮ್ಮ ಸರ್ವರ್ ಮೂಲಕ ಜಗತ್ತಿಗೆಲ್ಲ ಮೇಲ್ ಕಳಿಸಬಹುದು. ಪೋಸ್ಟ್‌ಫಿಕ್ಸ್ 2.10ರಿಂದ ರಿಲೇ ರೆಸ್ಟ್ರಿಕ್ಷನ್ಸ್ ಬೇರೆಯಾಗಿ ಕಾಯುತ್ತದೆ. ಹಳೆಯ ಕಾನ್ಫಿಗ್ ಹೊತ್ತು ತಂದವರ ಕಡೆ ಅದು ಖಾಲಿ ಇರಬಹುದು, ನೋಡಿಕೊಳ್ಳಿ.

ಲಕ್ಷಣ: ಗುರುತಿದೆ, ಮೇಲ್ ಮಾತ್ರ ಇನ್‌ಬಾಕ್ಸಿಗೇ ಬರುತ್ತಿದೆ

ಫೋಲ್ಡರಿಗೆ ಹಾಕುವುದು ಪೋಸ್ಟ್‌ಫಿಕ್ಸ್ ಕೆಲಸವಲ್ಲ. ಮೇಲ್‌ಬಾಕ್ಸ್ ನೋಡಿಕೊಳ್ಳುವ ಡವ್‌ಕಾಟ್ ಪ್ರೋಗ್ರಾಂ ಇದ್ದರೆ ಅದರ ಸೀವ್ ಸ್ಕ್ರಿಪ್ಟ್ ಆ ಕೆಲಸ ಮಾಡುತ್ತದೆ. ಸ್ಕ್ರಿಪ್ಟಿನ ಮೊದಲಲ್ಲಿ ಫೈಲ್‌ಇಂಟು ಬೇಕು ಅಂತ ರಿಕ್ವೈರ್ ಸಾಲಿದೆಯೇ, ಹೆಡರ್ ಹೆಸರಿನ ಸ್ಪೆಲ್ಲಿಂಗ್ ಎರಡೂ ಕಡೆ ಒಂದೇ ಇದೆಯೇ, ಆ ಫೋಲ್ಡರ್ ಇದೆಯೇ ನೋಡಿ. ಎಲ್ಲ ಸರಿ ಇದ್ದರೆ ಡೆಲಿವರಿ ಯಾರು ಮಾಡುತ್ತಿದ್ದಾರೆ ಅಂತ ಲಾಗಿನಲ್ಲಿ ಓದಿ. ಪೋಸ್ಟ್‌ಫಿಕ್ಸ್ ತಾನೇ ಮೇಲ್‌ಬಾಕ್ಸಿಗೆ ಬರೆಯುತ್ತಿದ್ದರೆ ಸೀವ್ ಓಡುವುದೇ ಇಲ್ಲ. ಡೆಲಿವರಿಯನ್ನು ಡವ್‌ಕಾಟಿನ ಎಲ್‌ಎಂಟಿಪಿಗೆ ಒಪ್ಪಿಸಬೇಕು.

ಸುಮ್ನೆ ಸಬ್ಜೆಕ್ಟಿನಲ್ಲೇ 'ಅನುಮಾನ' ಅಂತ ಸೇರಿಸಿದರೆ ಎಲ್ಲರಿಗೂ ಕಾಣುತ್ತದಲ್ಲ ಅಂತ ಕೇಳುತ್ತಾರೆ. ಸಬ್ಜೆಕ್ಟ್ ಸಾಮಾನ್ಯವಾಗಿ ಕಳಿಸಿದ ಸರ್ವರ್ ಹಾಕುವ ಡಿಕಿಮ್ ಸಹಿಯೊಳಗೆ ಸೇರಿರುತ್ತದೆ. ಅದನ್ನು ಬದಲಿಸಿದ ಮೇಲ್ ಮುಂದೆ ಫಾರ್ವರ್ಡ್ ಆದರೆ ಆ ಕಡೆ ಸಹಿ ತಪ್ಪು ಅಂತ ಬರುತ್ತದೆ. ಹೊಸ ಹೆಡರ್ ಸೇರಿಸಿದರೆ ಈ ತೊಂದರೆ ಇಲ್ಲ.

ಒಂದೇ ಮೇಲಿಗೆ ಎರಡು ಗುರುತು ಬಿದ್ದರೆ, ಕಂಟೆಂಟ್ ಫಿಲ್ಟರಿನಿಂದ ವಾಪಸ್ ಬರುವ ದಾರಿಯಲ್ಲೂ ಅದೇ ಚೆಕ್ ನಡೆಯುತ್ತಿರಬಹುದು. ಮಾಸ್ಟರ್ ಡಾಟ್ ಸಿಎಫ್‌ನಲ್ಲಿ ಆ ವಾಪಸ್ ಪೋರ್ಟಿಗೆ ಚೆಕ್ ತೆಗೆದುಹಾಕಿ. ಅದರಿಂದ ಅಪಾಯವಿಲ್ಲ, ಅವಸರವೂ ಇಲ್ಲ.

ಲಕ್ಷಣ: ನಿಯಮ ಹಾಕಿದ ಮೇಲೆ ಮೇಲ್ ಬರುವುದೇ ನಿಂತಿತು

ಲಾಗಿನಲ್ಲಿ 451ರಿಂದ ಶುರುವಾಗುವ ಸಾಲು ಹುಡುಕಿ. ಸರ್ವರ್ ಕಾನ್ಫಿಗರೇಷನ್ ದೋಷ ಅಂತಿದ್ದರೆ ಯಾವುದೋ ಸಾಲಿನ ಹೆಸರು ತಪ್ಪಾಗಿದೆ, ಅಥವಾ ನೀವು ಹೇಳಿದ ಟೇಬಲ್ ಅಲ್ಲಿಲ್ಲ. ಮೊದಲು ಹಳೆಯ ಪ್ರತಿ ವಾಪಸ್ ಹಾಕಿ ರೀಲೋಡ್ ಮಾಡಿ, ಆಮೇಲೆ ನಿಧಾನಕ್ಕೆ ಕಾರಣ ಹುಡುಕಿ. 451 ತಾತ್ಕಾಲಿಕ ಉತ್ತರವಾದ್ದರಿಂದ ಆ ಮೇಲುಗಳು ಮತ್ತೆ ಬರುತ್ತವೆ.

ಲಾಗಿನಲ್ಲಿ ತಪ್ಪೇ ಇಲ್ಲ, ಮೇಲ್ ಬಂದಿದೆ, ಡೆಲಿವರಿ ಆಗಿಲ್ಲ ಅಂದರೆ ಪೋಸ್ಟ್‌ಕ್ಯೂ ಪಿ ಆಯ್ಕೆಯಲ್ಲಿ ಕ್ಯೂ (ಡೆಲಿವರಿಗೆ ಕಾದಿರುವ ಮೇಲುಗಳ ಸಾಲು) ನೋಡಿ. ಐಡಿ ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಅದು ಹೋಲ್ಡ್‌ನಲ್ಲಿ, ಅಂದರೆ ತಡೆದಿಟ್ಟ ಸ್ಥಿತಿಯಲ್ಲಿ ನಿಂತಿದೆ. ಪೋಸ್ಟ್‌ಸೂಪರ್‌ನ ದೊಡ್ಡ ಎಚ್ ಆಯ್ಕೆ ಬಿಡುಗಡೆ ಮಾಡುತ್ತದೆ. ಕೆಲವು ದಿನ ನಿಂತ ಮೇಲಾದರೆ ಚಿಕ್ಕ ಆರ್ ಆಯ್ಕೆ ಬಳಸಿ. ಕ್ಯೂನಲ್ಲಿ ಮೇಲ್ ಇರಬಹುದಾದ ಅವಧಿ ಮೂಲ ಸೆಟ್ಟಿಂಗಿನಲ್ಲಿ 5 ದಿನ. ಅದು ಮೀರಿದ್ದನ್ನು ಬರೀ ಬಿಡುಗಡೆ ಮಾಡಿದರೆ ಕಳಿಸಿದವರಿಗೇ ವಾಪಸ್ ಹೋಗಬಹುದು. ಪೋಸ್ಟ್‌ಸೂಪರ್‌ನ ಡಿ ಆಯ್ಕೆಗೆ ಆಲ್ ಕೊಟ್ಟರೆ ಕ್ಯೂ ಪೂರ್ತಿ ಅಳಿಯುತ್ತದೆ, ಅದು ಮತ್ತೆ ಸಿಗುವುದಿಲ್ಲ. ಬೇಸತ್ತಾಗ ಆ ಕಮಾಂಡಿನ ಹತ್ತಿರ ಹೋಗಬೇಡಿ.

ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

ಕ್ಯೂನಲ್ಲಿ ನಿಮಗೆ ಸಂಬಂಧವಿಲ್ಲದ ಸಾವಿರಾರು ವಿಳಾಸಗಳಿಗೆ ಹೊರಟ ಮೇಲ್ ಕಂಡರೆ ನಿಯಮ ತಿದ್ದುವುದನ್ನು ಅಲ್ಲೇ ಬಿಡಿ. ಅದು ತೆರೆದ ರಿಲೇ (ಯಾರು ಬೇಕಾದರೂ ನಿಮ್ಮ ಸರ್ವರ್ ಮೂಲಕ ಮೇಲ್ ಕಳಿಸುವ ಸ್ಥಿತಿ) ಇರಬೇಕು, ಇಲ್ಲವೇ ಯಾರದ್ದೋ ಪಾಸ್‌ವರ್ಡ್ ಕದ್ದಿದ್ದಾರೆ. ಪೋಸ್ಟ್‌ಫಿಕ್ಸ್ ನಿಲ್ಲಿಸಿ. ಲಾಗ್ ಮತ್ತು ಕ್ಯೂ ಅಳಿಸದೆ ಪ್ರತಿ ತೆಗೆದಿಡಿ. ಲಾಗಿನಲ್ಲಿ ಸಾಸ್ಲ್ ಯೂಸರ್‌ನೇಮ್ ಅನ್ನುವ ಜಾಗದಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಆ ಖಾತೆಯನ್ನು ಮೊದಲು ಬಂದ್ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಹಲವು ಲಿನಕ್ಸ್‌ಗಳಲ್ಲಿ ಲಾಗ್ ನಾಲ್ಕು ವಾರಕ್ಕೇ ಅಳಿಯುವ ಹಾಗೆ ಸೆಟ್ ಆಗಿರುತ್ತದೆ. ಅದನ್ನು ಇವತ್ತೇ ಬದಲಿಸಿ.

ಮೋಸದ ಮೇಲ್ ನಂಬಿ ಯಾರಾದರೂ ದುಡ್ಡು ಕಳಿಸಿಬಿಟ್ಟಿದ್ದರೆ ಸರ್ವರ್ ಕೆಲಸ ಬದಿಗಿರಲಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಬ್ಯಾಂಕಿಗೂ ತಿಳಿಸಿ. ಆ ಮೇಲನ್ನು ಅಳಿಸಲು ಬಿಡಬೇಡಿ, ಅದರ ಮೂಲವನ್ನು ಫೈಲಾಗಿ ಉಳಿಸಿಕೊಳ್ಳಿ. ಕಳಿಸಿಬಿಟ್ಟವರನ್ನು ಅಲ್ಲಿ ಯಾರೂ ಬೈಯಬಾರದು. ಬೈಸಿಕೊಂಡವರು ಮುಂದಿನ ಸಲ ಹೇಳುವುದೇ ಇಲ್ಲ.

ಬೇರೆ ಯಾವ ದೋಷಕ್ಕಾದರೂ ಎರಡು ಸಂಜೆ ಕೂತೂ ಕಾರಣ ಸಿಗದಿದ್ದರೆ ತಿಳಿದವರನ್ನು ಕೇಳಿ. ಕೇಳುವಾಗ ಮೂರು ವಸ್ತು ಕೈಯಲ್ಲಿರಲಿ: ಪೋಸ್ಟ್‌ಕಾನ್ಫ್ ಎನ್ ಔಟ್‌ಪುಟ್, ಗುರುತು ತಪ್ಪಿದ ಒಂದು ಮೇಲಿನ ಪೂರ್ತಿ ಹೆಡರ್, ಅದೇ ಮೇಲಿನ ಕ್ಯೂ ಐಡಿ ಇರುವ ಲಾಗ್ ಸಾಲುಗಳು. ಕೊಡುವ ಮೊದಲು ಪಾಸ್‌ವರ್ಡ್ ಇರುವ ಸಾಲು, ಗಿರಾಕಿಗಳ ವಿಳಾಸ ಅಳಿಸಿ. ಐಪಿ ಮತ್ತು ಸಮಯ ಹಾಗೇ ಇರಲಿ, ಅವಿಲ್ಲದೆ ಯಾರಿಗೂ ಏನೂ ಹೇಳಲು ಆಗುವುದಿಲ್ಲ.